ಅದಿಲನ ಕಾಲಿನ ದಾರ

"ಮಡಗೇ ಕೆಳಕ್ಕೆ ಆ ಚಾಕುವ. ಜೈಲುಗಿತ್ತಿ ಮಗಳೇ, ಮಡಗು ಅಂದೆ."

ಬುರುಲ್ ಚಾಕುವನ್ನು ಕೆಳಗಿಡಲಿಲ್ಲ. ಹುಲ್ಲುಗಾವಲಿನ ಆ ತುದಿಯಿಂದ ಈ ತುದಿಗೆ ಓಡಿ ಬಂದವಳಿಗೆ ಉಸಿರಾಡುವುದೇ ದೊಡ್ಡ ಕೆಲಸವಾಗಿತ್ತು. ಒಂದು ಕಾಲಿನ ರಬ್ಬರ್ ಬೂಟು ಅರ್ಧ ದಾರಿಯಲ್ಲೇ ಉದುರಿಹೋಗಿತ್ತು. ಉಳಿದ ಮಕ್ಕಳು ಇನ್ನೂ ಕುದುರೆ ಕಟ್ಟುವ ಗೂಟದ ಹತ್ತಿರವೇ ಏದುತ್ತಿದ್ದರು. ಎದುರಿಗೆ ಹೂವಿನ ಕಂಬಳಿಯ ಮೇಲೆ ಸಾಹುಕಾರ ಎಸೆನ್‌ಕುಲನ ಕಿರಿಯ ಮೊಮ್ಮಗ ತೂರಾಡುತ್ತ ನಿಂತಿದ್ದ. ಅವನ ಎರಡು ಕಾಲುಗಳಿಗೂ ಸೇರಿಸಿ ಕಪ್ಪು ಬಿಳಿ ಉಣ್ಣೆ ಹೊಸೆದ ದಾರ ಕಟ್ಟಿದ್ದರು. ಹೆಜ್ಜೆ ಹಾಕಲು ಕಲಿತ ಮಗುವಿಗೆ ಹಾಗೆ ದಾರ ಕಟ್ಟಿ, ಊರ ಮಕ್ಕಳನ್ನೆಲ್ಲ ಓಡಿಸಿ, ಮೊದಲು ಬಂದವರ ಕೈಯಿಂದ ಅದನ್ನು ಕೊಯ್ಯಿಸಬೇಕು. ಅದೇ ತುಶೂ. ಕೊಯ್ದವರ ಗುಣ ಮಗುವಿನ ಕಾಲಿಗೆ ಇಳಿಯುತ್ತದೆ, ಮುಂದೆ ಅದು ಅವರ ಹಾಗೆಯೇ ಬಾಳುತ್ತದೆ ಎಂಬುದು ಆ ಸೀಮೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಕಂಬಳಿಯ ಮೇಲಿಂದ ಎತ್ತಿಕೊಂಡ ಚಾಕುವಿನ ಅಲಗು ದಾರಕ್ಕೆ ತಾಗುವಷ್ಟರಲ್ಲಿ ಎಸೆನ್‌ಕುಲನ ಹೆಂಡತಿ ಸಾಬಿರಾ ಬುರುಲಳ ಜಡೆಗೇ ಕೈ ಹಾಕಿದಳು.

"ನಿನ್ ಕೈ ಸೋಕುದ್ರೆ ನನ್ ಮೊಮ್ಮಗ ನಾಳೆ ಕಂಬಿ ಎಣಿಸ್ಬೇಕಾಯ್ತದೆ. ಯಾರೇ ಇವಳ್ನ ಓಡಕ್ಕೆ ಬುಟ್ಟೋರು?"

ಯಾರೂ ಬಿಟ್ಟಿರಲಿಲ್ಲ. ಅವಳು ಬಂದದ್ದು ಅಜ್ಜಿ ಕಲಿಪಾಳ ಜೊತೆ ಹಬ್ಬದಡುಗೆಗೆ ಕುರಿಯ ಕರುಳು ತೊಳೆಯಲು. ಮಕ್ಕಳು ಸಾಲಾಗಿ ನಿಂತದ್ದು ಕಂಡಿತು, ಕಾಲು ಕೇಳಲಿಲ್ಲ, ಅಷ್ಟೇ. ಸಾಬಿರಾ ಚಾಕುವನ್ನು ಕಿತ್ತುಕೊಂಡು ತನ್ನ ಲಂಗದ ಅಂಚಿನಿಂದ ಎರಡೆರಡು ಸಲ ಒರೆಸಿದಳು. ಒಳ್ಳೆಯ ಮನೆಯ ಮಗು ಬೇಕಿತ್ತಲ್ಲ, ಮುಲ್ಲಾನ ಮಗನನ್ನು ಕೂಗಿದರು. ಅವನು ಓಟದ ನಡುವೆಯೇ ಬುಟ್ಟಿ ಕಂಡು ನಿಂತು ಎಣ್ಣೆಯಲ್ಲಿ ಕರಿದ ಬೊರ್ಸೋಕ್ ಮುಕ್ಕುತ್ತಿದ್ದ. ಎರಡೂ ಕೆನ್ನೆ ಉಬ್ಬಿಸಿಕೊಂಡು ಬಂದವನ ಕೈಗೆ ಚಾಕು ಕೊಟ್ಟರು. ಅವನು ದಾರ ಕೊಯ್ದ. ಜನ ಚಪ್ಪಾಳೆ ತಟ್ಟಿದರು. ಗೆದ್ದವರಿಗೆಂದು ಕಟ್ಟಿದ್ದ ಕುರಿಮರಿಯನ್ನೂ ಅವನಿಗೇ ಕೊಟ್ಟರು.

ಕಲಿಪಾ ಕರುಳಿನ ಬಾನಿಯ ಮುಂದಿನಿಂದ ಏಳದೆ ಹೇಳಿದಳು, "ನನ್ ಮೊಮ್ಮಗಳ ಕೈಯಾಗಿರೋದು ಕುರಿ ಹಿಕ್ಕೆ ಕಣ್ ತಾಯಿ. ನೀವು ಇವತ್ತು ಉಣ್ಣೋ ಕುರೀದೆಯ."

ಒಂದಿಬ್ಬರು ಕಿಸಕ್ಕೆಂದರು. ಎಸೆನ್‌ಕುಲ್ ಕಣ್ಣೆತ್ತಿ ನೋಡಿದಾಗ ನಗು ಅಲ್ಲೇ ಒಣಗಿತು. ಊರಿಗೆಲ್ಲ ಅವನು 'ಬಾಯ್ಕೆ', ಅಂದರೆ ಅಣ್ಣ. ಕೂಲಿ ಕೊಡುವ ಹೊತ್ತಿಗೆ ಮಾತ್ರ ಅವನು ಯಾರ ಅಣ್ಣನೂ ಅಲ್ಲ. ಅವನು ಸಿಟ್ಟು ಮಾಡಲಿಲ್ಲ. ಮಗುವನ್ನು ಹದ್ದುಬಸ್ತಿನಲ್ಲಿಟ್ಟುಕೋ, ಇಲ್ಲದಿದ್ದರೆ ಅವಳವ್ವನ ದಾರಿಯನ್ನೇ ಹಿಡಿಯುತ್ತಾಳೆ ಎಂದು ಕಲಿಪಾಳಿಗೆ ಮೆಲ್ಲಗೆ ಬುದ್ಧಿ ಹೇಳಿ, ಅತಿಥಿಗಳಿಗೆ ಕುರಿಯ ತಲೆ ಬಡಿಸಲು ಹೋದ.

ಅವಳವ್ವನ ದಾರಿ ಇಷ್ಟೇ. ಜಿಪಾರ್ ಎಸೆನ್‌ಕುಲನ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಮೇಸ್ತ್ರಿ ಹಿಂದಿನಿಂದ ಬಂದು ಅವಳ ಮೈಮೇಲೆ ಕೈ ಹಾಕಿದ. ಅವಳು ಗುದ್ದಲಿಯ ಕಾವಿನಿಂದ ಕೊಟ್ಟ ಒಂದೇ ಏಟಿಗೆ ಅವನ ಕಣ್ಣು ಹೋಯಿತು. ಮೇಸ್ತ್ರಿ ಎಸೆನ್‌ಕುಲನ ಸ್ವಂತ ತಮ್ಮ. ಕೋರ್ಟಿನಲ್ಲಿ ಕಣ್ಣಿನ ವಿಚಾರ ಬಂತು, ಕೈಯ ವಿಚಾರ ಬರಲೇ ಇಲ್ಲ. ಮಾಸ್ಕೋಗೆ ಕೂಲಿಗೆ ಹೋಗಿದ್ದ ಗಂಡ ಸುದ್ದಿ ಕೇಳಿದವನೇ ಫೋನ್ ನಂಬರು ಬದಲಾಯಿಸಿದ. ಹೆಂಗಸರ ಜೈಲಿಗೆ ಹೋಗುವಾಗ ಜಿಪಾರಳ ಹೊಟ್ಟೆಯಲ್ಲಿ ಮಗುವಿತ್ತು. ಅದಿಲ್ ಹುಟ್ಟಿದ್ದು ಗೋಡೆಯ ಒಳಗೆ. ಕೂಸುಗಳು ಮೂರು ವರ್ಷ ತುಂಬುವ ತನಕ ತಾಯಿಯ ಜೊತೆ ಅಲ್ಲಿರಬಹುದು. ಆಮೇಲೆ ಹೊರಗೆ ಕಳಿಸುತ್ತಾರೆ, ಎಲ್ಲಿಗೆ ಎಂದು ಅವರೇ ಹೇಳುತ್ತಾರೆ. ಬುರುಲ್ ತಮ್ಮನನ್ನು ಗಾಜಿನ ಆಚೆಯಿಂದ ನೋಡಿದ್ದಳೇ ಹೊರತು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಗಾಜಿಗೆ ಅವನು ಮೂಗು ಒತ್ತುತ್ತಿದ್ದ, ಈಚೆಯಿಂದ ಇವಳು ಒತ್ತುತ್ತಿದ್ದಳು. ಪಹರೆಯವಳು ಬಂದು ಗಾಜು ಕೊಳೆಯಾಯಿತೆಂದು ಇಬ್ಬರಿಗೂ ಬಯ್ಯುತ್ತಿದ್ದಳು.

ಆ ವಾರವೇ ಜೈಲಿನಿಂದ ಜಿಪಾರಳ ಫೋನ್ ಬಂತು. ಅದಿಲ್ ಗೋಡೆ ಬಿಟ್ಟು ನಿಂತನಂತೆ. ಒಂದು ಹೆಜ್ಜೆ ಹಾಕಿ ಕೂತನಂತೆ. ಜೂನ್ ಒಂದರ ಮಕ್ಕಳ ದಿನಕ್ಕೆ ಜೈಲಿನ ಅಂಗಳದಲ್ಲಿ ಕಾರ್ಯಕ್ರಮವಂತೆ, ಮನೆಯವರನ್ನೆಲ್ಲ ಒಳಗೆ ಬಿಡುತ್ತಾರಂತೆ. ಆವತ್ತೇ ತುಶೂ ಮಾಡಿಬಿಡೋಣ ಎಂದಳು. ಕಲಿಪಾ ಕಣ್ಣೊರೆಸಿಕೊಂಡು ಫೋನನ್ನು ಬುರುಲಳ ಕೈಗೆ ಕೊಟ್ಟಳು.

"ನಾನ್ ಓಡಲ್ಲ ಕಣವ್ವ," ಎಂದಳು ಬುರುಲ್. "ನಾನ್ ಕುಯ್ದ್ರೆ ಅವ್ನೂ ಜೈಲಿಗೇ ಬತ್ತಾನೆ. ಯಾವ್ದಾರ ಒಳ್ಳೆ ಮನೆ ಮಕ್ಳ ಕರ್ಕಬತ್ತೀನಿ, ಅವ್ರು ಓಡ್ಲಿ."

ಆ ಕಡೆ ಜಿಪಾರ್ ಬಾಯಿ ತೆರೆಯುವಷ್ಟರಲ್ಲಿ ಹೊತ್ತು ಮುಗಿಯಿತೆಂದು ಲೈನು ಕತ್ತರಿಸಿದರು.

ಬುರುಲ್ ಒಳ್ಳೆ ಮನೆಯ ಮಕ್ಕಳನ್ನು ಹುಡುಕಿಕೊಂಡು ಊರೆಲ್ಲ ಸುತ್ತಿದಳು. ಮೇಷ್ಟರ ಹೆಂಡತಿ ಮಗಳಿಗೆ ಜ್ವರ ಎಂದಳು. ಮಗಳು ಅವಳ ಬೆನ್ನ ಹಿಂದೆಯೇ ಹಗ್ಗ ಜಿಗಿಯುತ್ತಿದ್ದಳು. ಅಂಗಡಿಯವನು ನಕ್ಕ, ಒಂದು ಮಿಠಾಯಿ ಕೊಟ್ಟು ಕಳಿಸಿದ. ಮುಲ್ಲಾ ಜೈಲಿನ ಅಂಗಳ ಪವಿತ್ರವಾದ ಜಾಗವಲ್ಲ ಅಂದ. ಬುರುಲ್ ಮನೆಗೆ ಬಂದು ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಕಲಿಪಾಳ ಹೊಟ್ಟೆ ಉರಿಯಿತು. ಆದರೆ ಮುದುಕಿ ಉರಿದಾಗಲೂ ಹೊಗೆ ಕಾಣಿಸದ ಜಾತಿ.

ಅದೇ ಹೊತ್ತಿಗೆ ಸಾಹುಕಾರನ ಮನೆಯಲ್ಲಿ ಒಂದು ಎಡವಟ್ಟಾಯಿತು. ಅಷ್ಟೊಂದು ಕುರಿ ಕೊಯ್ದು ತುಶೂ ಮಾಡಿಸಿಕೊಂಡ ಮೊಮ್ಮಗ, ಮಾರನೆಯ ದಿನ ಕೂತವನು ಏಳಲೇ ಇಲ್ಲ. ಅಂಬೆಗಾಲಿಟ್ಟುಕೊಂಡೇ ಮನೆಯೆಲ್ಲ ಸುತ್ತುತ್ತಿದ್ದ. ನಿಲ್ಲಿಸಿದರೆ ಕಾಲು ಮಡಚುತ್ತಿದ್ದ. ಅದರ ಮೇಲೆ ಏನು ಕಂಡರೂ ಬಾಯಿಗೆ ತುರುಕಿಕೊಂಡು ಕೆನ್ನೆ ಉಬ್ಬಿಸುತ್ತಿದ್ದ. ಥೇಟ್ ಮುಲ್ಲಾನ ಮಗನೇ ಎಂದು ಕೆಲಸದವರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದರು.

ಕಲಿಪಾ ನೀರಿಗೆ ಹೋದಳು. ಬೋರಿನ ಹತ್ತಿರ ಹೆಂಗಸರು ಇದನ್ನೇ ಆಡಿಕೊಳ್ಳುತ್ತಿದ್ದರು. ಅವಳು ಬಿಂದಿಗೆ ತುಂಬಿಸಿ, ನಿಟ್ಟುಸಿರು ಬಿಟ್ಟು, ಯಾರಿಗೂ ಅಲ್ಲದ ಹಾಗೆ ಅಂದಳು, "ಗೆದ್ದೋರ್ ಕೈಯಿಂದ ಕಿತ್ಕಂಡ್ರೆ ದಾರ ಕಾಲಿಂದ ಬಿಚ್ದಂಗಾಯ್ತದೆ, ಗಂಟು ಒಳ್ಗೇ ಉಳ್ಕತದೆ. ನಮ್ ದೊಡ್ಡೋರು ಸುಮ್ನೆ ಅಂದವ್ರಾ."

ದೊಡ್ಡವರು ಯಾರೂ ಹಾಗೆ ಅಂದಿರಲಿಲ್ಲ. ಬಿಂದಿಗೆ ತುಂಬುವಷ್ಟರಲ್ಲಿ ಅವಳೇ ಕಟ್ಟಿದ ಮಾತು ಅದು. ಆದರೆ ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನ ಅಜ್ಜಿಯೂ ಆ ಮಾತನ್ನು ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಶುಕ್ರವಾರ ಮುಲ್ಲಾನೇ ಸಾಹುಕಾರನ ಮನೆಯಲ್ಲಿ ಚಹಾ ಕುಡಿಯುತ್ತ, ಗೆದ್ದವರ ಹಕ್ಕು ಕಿತ್ತುಕೊಳ್ಳಬಾರದೆಂದು ಹಿರಿಯರು ಹೇಳಿದ್ದುಂಟು ಎಂದು ಗಡ್ಡ ನೀವಿದ. ತನ್ನ ಮಗ ತಿಂದ ಕುರಿಮರಿಯ ವಿಚಾರ ಎತ್ತಲಿಲ್ಲ.

ಸಾಬಿರಾಗೆ ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪವಾಯಿತು. ಸಂಜೆ ಹಿತ್ತಲ ದಾರಿಯಿಂದ ಕಲಿಪಾಳ ಮನೆಗೆ, ತಲೆತುಂಬ ಬಟ್ಟೆ ಹೊದ್ದುಕೊಂಡು, ಸೊಂಟದ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಒಂದು ತಟ್ಟೆ ಬೊರ್ಸೋಕ್ ಇತ್ತು. ಯಾರಿಗೂ ಗೊತ್ತಾಗಬಾರದು, ಹುಡುಗಿ ಇಲ್ಲೇ ಇನ್ನೊಂದು ಸಲ ದಾರ ಕೊಯ್ದುಬಿಡಲಿ ಅಂದಳು.

ಬುರುಲ್ ಮಗುವನ್ನು ನೋಡಿದಳು, ಬೊರ್ಸೋಕನ್ನೂ ನೋಡಿದಳು. ಅಜ್ಜಿ ಅವಳ ಬೆನ್ನಿಗೆ ಮೊಣಕೈಯಿಂದ ತಿವಿದಳು.

"ಕುಯ್ತೀನಿ," ಎಂದಳು ಬುರುಲ್. "ನಿನ್ ದೊಡ್ ಮೊಮ್ಮಕ್ಳಿಬ್ರು ಮಕ್ಳ ದಿನುಕ್ಕೆ ಜೈಲಿಗ್ ಬಂದು ನನ್ ತಮ್ಮುಂಗೋಸ್ಕರ ಓಡ್ಬೇಕು. ಆಣೆ ಮಾಡು."

"ಎಲಾ ಇವಳ. ನನ್ ಮೊಮ್ಮಕ್ಳು ಜೈಲಲ್ಲಿ ಓಡ್ಬೇಕಾ?"

"ಬ್ಯಾಡ ಬುಡು ತಾಯಿ," ಎಂದಳು ಕಲಿಪಾ ಮೃದುವಾಗಿ. "ಅಂಬೆಗಾಲೂ ಚೆಂದಾಗೇ ಅದೆ. ಮದ್ವೆ ಗಂಡು ಹಂಗೇ ತೆವಳ್ಕಂಡ್ ಬಂದ್ರೆ ಹೆಣ್ಣಿನ ಕಡೆಯೋರು ನಗ್ತರೆ, ಅಷ್ಟೆಯ."

ಸಾಬಿರಾ ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿ, ಮಗುವಿನ ಕಾಲಿಗೆ ಹೊಸದೊಂದು ದಾರ ಕಟ್ಟಿದಳು. ಬುರುಲ್ ಒಲೆಯ ಪಕ್ಕದ ಚಾಕು ತೆಗೆದುಕೊಂಡು ದಾರ ಕೊಯ್ದಳು. ಸಾಹುಕಾರನ ಮೊಮ್ಮಗ ಮುಂದೆ ಜೈಲಿಗೆ ಹೋದರೆ ಅವಳದೇನೂ ಗಂಟು ಹೋಗುವುದಿರಲಿಲ್ಲ. ಅದಿಲ್ ಹೋಗಬಾರದು ಎಂಬುದಷ್ಟೇ ಅವಳಿಗೆ ಬೇಕಾಗಿದ್ದುದು. ಮಗು ಅಲ್ಲೇ ನೆಲದ ಮೇಲೆ ಕೋಳಿಮರಿಯೊಂದನ್ನು ಕಂಡು, ಎದ್ದು, ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ಬಿತ್ತು. ಸಾಬಿರಾ ಅದನ್ನು ಬಾಚಿಕೊಂಡು, ಬಂದ ದಾರಿಯಲ್ಲೇ ಹೋದಳು. ಹೋಗುವಾಗ ತಟ್ಟೆ ವಾಪಸು ಕೇಳುವುದನ್ನು ಮರೆಯಲಿಲ್ಲ.

ಮಕ್ಕಳ ದಿನಕ್ಕೆ ಎಸೆನ್‌ಕುಲ್ ತಾನೇ ವ್ಯಾನಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೊರಟ. ಅವನು ಹೋಗುವವನೇ ಇದ್ದ. ಚುನಾವಣೆ ಹತ್ತಿರ ಬಂದಿತ್ತು. ಕೈದಿಗಳ ಮಕ್ಕಳಿಗೆ ಗೊಂಬೆ ಹಂಚುವುದನ್ನು ಟೀವಿಯವರು ತೆಗೆಯುತ್ತೇವೆ ಅಂದಿದ್ದರು. ವ್ಯಾನಿನ ಮುಂದಿನ ಸೀಟುಗಳಲ್ಲಿ ಸಾಬಿರಾ ಮತ್ತು ಬಿಳಿ ಬೂಟು ತೊಟ್ಟ ಇಬ್ಬರು ದೊಡ್ಡ ಮೊಮ್ಮಕ್ಕಳು, ಹಿಂದೆ ಗೊಂಬೆ ಪೆಟ್ಟಿಗೆಗಳ ನಡುವೆ ಕಲಿಪಾ ಮತ್ತು ಬುರುಲ್. ದಾರಿಯುದ್ದಕ್ಕೂ ಬುರುಲ್ ಆ ಬೂಟುಗಳನ್ನೇ ನೋಡುತ್ತಿದ್ದಳು. ಅವು ಚೆನ್ನಾಗಿ ಓಡುತ್ತವೆ ಅನ್ನಿಸಿ ಅವಳಿಗೆ ಖುಷಿಯಾಗಿತ್ತು.

ಜೈಲಿನ ಬಾಗಿಲಲ್ಲಿ ಕಲಿಪಾಳನ್ನು ತಡವಿ, ಅವಳು ಹೊಸೆದು ತಂದಿದ್ದ ಕಪ್ಪು ಬಿಳಿ ದಾರವನ್ನು ಕಿತ್ತುಕೊಂಡರು. ಹಗ್ಗ ಒಳಗೆ ಬಿಡುವಂತಿಲ್ಲ. ಚಾಕುವಿನ ಮಾತೇ ಬೇಡ. ಒಣಮೊಸರಿನ ಉಂಡೆಗಳನ್ನೂ ಒಂದೊಂದಾಗಿ ಒಡೆದು ನೋಡಿದರು. ಮುದುಕಿ ತನ್ನ ಹಲ್ಲಿಲ್ಲದ ಬಾಯಿ ತೆರೆದು, ಇದನ್ನೂ ನೋಡಿಕೋ ಮಗ, ಒಳಗೆ ಏನಾದರೂ ಸಿಕ್ಕಿದರೆ ನನಗೂ ಒಂದು ಕೊಡು ಅಂದಳು.

ಅಂಗಳದ ನಡುವೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಆಚೆ ತಾಯಂದಿರು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಸಾಲಾಗಿ. ಈಚೆ ಹೊರಗಿನಿಂದ ಬಂದ ಅವರ ಮಕ್ಕಳು. ಬದಿಯಲ್ಲಿ ವೇದಿಕೆ, ಬಲೂನು, ಮೈಕು. ಕಾರ್ಯಕ್ರಮ ಮುಗಿಯುವ ತನಕ ಯಾರೂ ಗೆರೆ ದಾಟಬಾರದು, ಮಕ್ಕಳು ಶಿಸ್ತಾಗಿದ್ದರೆ ಕೊನೆಯಲ್ಲಿ ತಬ್ಬಿಕೊಳ್ಳಲು ಹತ್ತು ನಿಮಿಷ ಕೊಡುತ್ತೇವೆ ಎಂದು ಜೈಲಿನ ಮೇಜರಮ್ಮ ಹೇಳಿದಳು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಒಂದು ಪುಟ್ಟ ಹುಡುಗಿ ತನ್ನ ಅವ್ವ ಯಾರೆಂದು ಗುರುತು ಸಿಗದೆ ಸಾಲಿನ ಈ ತುದಿಯಿಂದ ಆ ತುದಿಗೆ ನೋಡುತ್ತಿತ್ತು. ಎಲ್ಲರದೂ ಒಂದೇ ಬಟ್ಟೆ.

ಬುರುಲಳಿಗೆ ಗುರುತು ಸಿಕ್ಕಿತು. ಜಿಪಾರ್ ಅದಿಲನನ್ನು ಕಂಕುಳಲ್ಲಿ ಹಿಡಿದು ನೆಲದ ಮೇಲೆ ನಿಲ್ಲಿಸಿದ್ದಳು. ಅವನ ಕಾಲಿಗೆ ಆಗಲೇ ದಾರ ಕಟ್ಟಿತ್ತು. ಜೈಲಿನ ಹೊಲಿಗೆ ಶೆಡ್ಡಿನಲ್ಲಿ ಸಿಪಾಯಿಗಳ ಕೋಟಿಗೆ ಹಾಕುವ ಕರಿ ದಾರ, ಅದರ ಜೊತೆ ಹಾಸಿಗೆಯ ಬಟ್ಟೆಯಿಂದ ಎಳೆದ ಬಿಳಿ ಎಳೆ.

ಬುರುಲ್ ಓಡಿಹೋಗಿ ಸಾಬಿರಾಳ ಲಂಗ ಜಗ್ಗಿ, ಈಗ ಓಡಿಸು ಅಂದಳು. ಸಾಬಿರಾ ಗಂಡನ ಮುಖ ನೋಡಿದಳು.

"ಟೀವಿಯೋರವ್ರೆ," ಎಂದ ಎಸೆನ್‌ಕುಲ್, ನಗುಮುಖ ಕೆಡಿಸಿಕೊಳ್ಳದೆ. "ನನ್ ಮೊಮ್ಮಕ್ಳು ಕಳ್ಳೀರ್ ಮಗೀಗೋಸ್ಕರ ಓಡೋದ ದೇಸ್ವೆಲ್ಲ ನೋಡ್ಬೇಕಾ? ಗೊಂಬೆ ಈಸ್ಕಂಡು ಮುಚ್ಕಂಡ್ ನಿಂತ್ಕೋ, ಹಲ್ಕಾ ಮುಂಡೇದೆ."

"ರೊಟ್ಟಿ ಮುಟ್ಟಿ ಆಣೆ ಮಾಡವ್ಳೆ."

"ರೊಟ್ಟಿ ನಂದೇ ಹೊಲದ್ದು."

ಬಿಳಿ ಬೂಟಿನ ಮಕ್ಕಳು ಐಸ್‌ಕ್ರೀಮು ನೆಕ್ಕುತ್ತಿದ್ದವು. ಈಗ ಓಡುವವರು ಯಾರೂ ಇಲ್ಲ. ಹತ್ತು ನಿಮಿಷದ ತಬ್ಬುವ ಹೊತ್ತು ಮುಗಿದರೆ ಅದಿಲ್ ಕಾಲಿನಲ್ಲಿ ದಾರ ಇಟ್ಟುಕೊಂಡೇ ಒಳಗೆ ಹೋಗುತ್ತಾನೆ.

ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರೇ ಕೂಗಿದರು. ಗಟ್ಟಿ ದನಿಯ ಹುಡುಗಿಯೆಂದು ಬಾಗಿಲಲ್ಲೇ ಅವಳನ್ನು ಆರಿಸಿ, ಮೇಜರಮ್ಮ ತಾನೇ ಬರೆದ ಪದ್ಯವೊಂದನ್ನು ಬಾಯಿಪಾಠ ಮಾಡಿಸಿದ್ದಳು. ತಪ್ಪು ಮಾಡಿದವರ ಮಕ್ಕಳನ್ನೂ ಮರೆಯದ ದೊಡ್ಡ ಮನಸ್ಸಿನವರಿಗೆ ವಂದನೆ ಎಂದು ಶುರುವಾಗುವ ಪದ್ಯ. ಬುರುಲ್ ವೇದಿಕೆ ಹತ್ತಿದಳು. ಕ್ಯಾಮೆರಾ ಅವಳ ಕಡೆ ತಿರುಗಿತು. ಎಸೆನ್‌ಕುಲ್ ಟೈ ಸರಿಮಾಡಿಕೊಂಡ.

"ತಪ್ ಮಾಡಿದೋರ..." ಎಂದು ನಿಲ್ಲಿಸಿದಳು. ಮೇಜರಮ್ಮ ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು. ಬುರುಲಳಿಗೆ ಅದು ಕೇಳಿಸಲಿಲ್ಲ. ಅವಳು ತಾಯಿಯನ್ನು ನೋಡುತ್ತಿದ್ದಳು.

"ಅವ್ವ, ಒಳ್ಳೆ ಮನೆಯೋರು ಬರ್ನಿಲ್ಲ," ಎಂದಳು ಮೈಕಿನಲ್ಲೇ. ಅಂಗಳಕ್ಕೆಲ್ಲ ಕೇಳಿಸಿತು. "ಯಾರ್ ಓಡ್ಬೇಕು ಯೋಳು."

ಜಿಪಾರ್ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಪಹರೆಯವಳು ಅವಳ ತೋಳು ಹಿಡಿದಳು. ಜಿಪಾರಳಿಗೆ ಮೈಕು ಬೇಕಿರಲಿಲ್ಲ, ಈರುಳ್ಳಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲು ಅದು.

"ನೀನೇ ಓಡೇ, ನನ್ ಮಗಳೇ. ಇವನು ನಿನ್ನಂಗೇ ಆಗ್ಲಿ. ಅವತ್ತೇ ಯೋಳ್ಬೇಕು ಅಂದಿದ್ದೆ, ಲೈನ್ ಕಿತ್ತಾಕುದ್ರು. ನಿನ್ನಂಗೇ ಆಗ್ಲಿ."

ಬುರುಲ್ ತುಶೂ ನಡೆಸುವ ಯಜಮಾನರು ಕೂಗುವ ಹಾಗೆಯೇ ಎರಡು ಕೈ ಮೇಲೆತ್ತಿ ಮೈಕಿಗೆ ಬಾಯಿ ಹಚ್ಚಿದಳು.

"ಕೇಳ್ರಪ್ಪೋ. ನನ್ ತಮ್ಮನ ಕಾಲು ಕಟ್ಟದೆ. ಯಾರ್ ಅವ್ವಂದ್ರು ಜೈಲಲ್ಲವ್ರೋ ಅವ್ರೆಲ್ಲ ಓಡ್ರೋ. ಬ್ಯಾರೆಯೋರು ಬ್ಯಾಡ, ಒಳ್ಳೆ ಮನೆಯೋರು ಗೊಂಬೆ ಕಾಯ್ಕಂಡಿರ್ಲಿ."

ವೇದಿಕೆಯಿಂದ ಜಿಗಿದಳು. ಮಕ್ಕಳ ಸಾಲು ಒಡೆಯಿತು. ಗೊಂಬೆಗಳು ಕೆಳಗೆ ಬಿದ್ದವು, ಬಲೂನುಗಳು ಮೇಲೆ ಹೋದವು. ದೊಡ್ಡ ಹುಡುಗರು, ಮೂಗು ಸೋರುವ ಚಿಕ್ಕವು, ಅಣ್ಣಂದಿರ ಬೆನ್ನ ಮೇಲಿದ್ದವು, ಎಲ್ಲವೂ ಗೆರೆಯ ಕಡೆಗೆ ನುಗ್ಗಿದವು. ಮೇಜರಮ್ಮ ಸೀಟಿ ಊದಿದಳು. ಮಕ್ಕಳು ಓಟ ಶುರುಮಾಡುವ ಸೀಟಿ ಅಂದುಕೊಂಡು ಇನ್ನೂ ಜೋರಾಗಿ ಓಡಿದವು. ಎಸೆನ್‌ಕುಲನ ಮೊಮ್ಮಗನೊಬ್ಬನಿಗೂ ತಡೆಯಲಾಗಲಿಲ್ಲ. ಐಸ್‌ಕ್ರೀಮು ಎಸೆದು, ಬಿಳಿ ಬೂಟಿನಲ್ಲಿ ಕೆಸರು ತುಳಿಯುತ್ತ ಅವನೂ ಹೊರಟ. "ಲೋ, ವಾಪಸ್ ಬಾರ್ಲಾ, ಬೇವರ್ಸಿ," ಎಂದು ಅವನ ತಾತ ಕೂಗಿದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು, ಟೀವಿಯವರಿಗೂ ಸಿಕ್ಕಿತು.

ಬುರುಲಳೇ ಮೊದಲು ಮುಟ್ಟಿದಳು. ಮುಟ್ಟಿದ ಮೇಲೆ ನೆನಪಾಯಿತು, ಚಾಕು ಇಲ್ಲ. ಮಂಡಿಯೂರಿ ತಮ್ಮನ ಪಾದಗಳ ನಡುವೆ ಬಾಯಿಯಿಟ್ಟು ದಾರ ಕಚ್ಚಿದಳು. ಸಿಪಾಯಿಗಳ ಕೋಟಿನ ದಾರ, ಸುಲಭಕ್ಕೆ ಹರಿಯುವಂಥದ್ದಲ್ಲ. ಪಹರೆಯವನೊಬ್ಬ ಅವಳ ಕೊರಳಪಟ್ಟಿ ಹಿಡಿದು ಎತ್ತಿದ. ಅವಳು ಹಲ್ಲು ಬಿಡಲಿಲ್ಲ. ಅದಿಲ್ ದೊಪ್ಪನೆ ಕುಂಡಿಯ ಮೇಲೆ ಕೂತು, ಅಕ್ಕನ ಕೂದಲು ಎರಡು ಕೈಯಲ್ಲೂ ಹಿಡಿದು, ಗಾಜಿಲ್ಲದ ಅವಳ ಮುಖ ನೋಡಿ ನಕ್ಕ. ಜಿಪಾರ್ ಪಹರೆಯವನ ಕೈಗೆ ತನ್ನ ಹಲ್ಲು ಹಾಕಿದಳು. ದಾರ ಹರಿಯಿತು.

ಸುತ್ತಲೂ ಯಾರೂ ಯಾರನ್ನೂ ಬಿಡಿಸುವ ಸ್ಥಿತಿಯಲ್ಲಿರಲಿಲ್ಲ. ಪ್ರತಿಯೊಬ್ಬ ತಾಯಿಯ ಮೈಗೂ ಮಕ್ಕಳು ಅಂಟಿಕೊಂಡಿದ್ದವು, ಪ್ರತಿ ಮಗುವಿನ ಅಂಗಿಯನ್ನೂ ಒಬ್ಬ ಪಹರೆಯವನು ಜಗ್ಗುತ್ತಿದ್ದ. ಗುರುತು ಸಿಗದ ಆ ಪುಟ್ಟ ಹುಡುಗಿ, ಯಾರೋ ಒಬ್ಬಳ ಕಾಲನ್ನು ಗಟ್ಟಿಯಾಗಿ ಹಿಡಿದು ನಿಂತಿತ್ತು. ಆ ಹೆಂಗಸು ಅದರ ತಾಯಿಯಲ್ಲದಿದ್ದರೂ ಬಗ್ಗಿ ಎತ್ತಿಕೊಂಡಳು.

ದಾರ ಹರಿದ ಮೇಲೆ ಮಗುವನ್ನು ಎರಡು ಕಡೆಯೂ ಕೈ ಹಿಡಿದು ನಡೆಸಬೇಕು. ಒಂದು ಕೈ ಜಿಪಾರ್ ಹಿಡಿದಳು, ಇನ್ನೊಂದು ಬುರುಲ್. ಅದಿಲ್ ಎದ್ದ. ಒಂದು ಹೆಜ್ಜೆ ಹಾಕಿದ, ನಿಂತ, ಮತ್ತೊಂದು ಹಾಕಿದ. ಸುಣ್ಣದ ಗೆರೆ ಬಂತು. ಜಿಪಾರಳ ಕಾಲು ಅಲ್ಲಿ ತಾನಾಗಿಯೇ ನಿಂತಿತು. ಅವಳು ತೋಳು ಚಾಚಿದಳು, ಬೆರಳು ಚಾಚಿದಳು, ಆಮೇಲೆ ಬಿಟ್ಟಳು. ಅದಿಲ್ ಗೆರೆಯನ್ನು ಮೆಟ್ಟಿ ಈಚೆ ಬಂದ. ಅಂಗಾಲಿಗೆ ಅಂಟಿದ ಸುಣ್ಣ ಅವನ ಹಿಂದೆ ನೆಲದ ಮೇಲೆ ಮೂಡುತ್ತ ಬಂತು.

"ಮಗುವನ್ನು ಹಿಡಿಯಿರಿ," ಎಂದು ಮೇಜರಮ್ಮ ಕೂಗಿದಳು. ಯಾರ ಕೈಯೂ ಖಾಲಿಯಿರಲಿಲ್ಲ.

ಅವನು ಅಕ್ಕನ ಕೈಯನ್ನೂ ಕೊಡವಿಕೊಂಡು, ಅಂಗಳದ ಕೊನೆಯಲ್ಲಿದ್ದ ಕಬ್ಬಿಣದ ಗೇಟಿನ ಕಡೆ ಹೊರಟ. ಅದರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಕಲಿಪಾ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಗೇಟಿನ ಪಹರೆಯವನಿಗೆ ಹೇಳಿದಳು, "ತೆಗ್ಯೋ ಮಗ, ಏನ್ ನೋಡ್ತಾ ಇದ್ದೀಯೆ. ಹುಡ್ಗ ನಡ್ಕಂಡ್ ಬತ್ತಾವ್ನೆ, ಕಾಣಕಿಲ್ವಾ?"

ಪಹರೆಯವನು ಅಗುಳಿಯ ಮೇಲೆ ಕೈಯಿಟ್ಟು ಮೇಜರಮ್ಮನ ಮುಖ ನೋಡಿದ. ಗೆರೆಯ ಮೇಲೆ ಜಿಪಾರ್ ನಿಂತಿದ್ದಳು. ಅದಿಲ್ ಬಿದ್ದ, ಯಾರೂ ಎತ್ತಲಿಲ್ಲ, ತಾನೇ ಎದ್ದು ಮತ್ತೆ ನಡೆದ.